ಉಶ್ಗುಲಿಗೆ ಒಂದು ಬಾಗಿಲು

ಜುಗ್ದಿದಿ ಪೇಟೆಯ ಬಸ್ ನಿಲ್ದಾಣದ ಹಿಂದೆ
ನುಗ್ಜಾರ್ ತನ್ನ ವ್ಯಾನಿನ ನೆತ್ತಿಗೆ
ಒಂದು ನೀಲಿ ಬಾಗಿಲು ಬಿಗಿಯುತ್ತಿದ್ದ.
ಬರೀ ಬಾಗಿಲು. ಚೌಕಟ್ಟಿಲ್ಲ, ಗೋಡೆಯಿಲ್ಲ,
ಹಿತ್ತಾಳೆಯ ಹಿಡಿ ಮಾತ್ರ ಇತ್ತು
ಯಾರಾದರೂ ತೆಗೆದಾರೆಂದು ಕಾಯುತ್ತ.

ಅವನ ಮಾತು ನನಗೆ ಬಾರದು,
ನನ್ನ ಇಂಗ್ಲಿಷು ಅವನಿಗೆ ಬೇಡ.
ಬೆರಳು ಉದುರಿಸಿದ: ಹಿಮ.
ಅಂಗೈ ನಿಲ್ಲಿಸಿದ: ಬಾಗಿಲು.
ಅಂಗೈ ಮಗುಚಿ ಬಿತ್ತು.
ಆಮೇಲೆ ತಲೆಗೆ ವಸ್ತ್ರ ಕಟ್ಟಿದಂತೆ ಮಾಡಿ
ಬೆನ್ನು ಬಾಗಿಸಿ ನಾಲ್ಕು ಹೆಜ್ಜೆ ನಡೆದ:
ಚಿಕ್ಕಮ್ಮ.
ಇಷ್ಟು ವಿವರವಾಗಿ ನನಗೆ
ನನ್ನ ಭಾಷೆಯವರೂ ಏನನ್ನೂ ಹೇಳಿದ್ದಿಲ್ಲ.

ಗಾಡಿಯಲ್ಲಿ ಎರಡು ಮೂಟೆ ಸಕ್ಕರೆ, ಒಂದು ಗ್ಯಾಸ್ ಸಿಲಿಂಡರು,
ಮಡಿಲಲ್ಲಿ ಕೋಳಿಮರಿಗಳ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡ
ಶಾಲೆಯ ಮೇಡಂ ಲಮಾರಾ, ಮತ್ತು ನಾನು.
ಎಂಗುರಿ ನದಿ ಎಡಕ್ಕಿತ್ತು, ಆಮೇಲೆ ಬಲಕ್ಕೆ,
ಆಮೇಲೆ ತೀರಾ ಕೆಳಕ್ಕೆ,
ಅಕ್ಕಚ್ಚಿನ ಬಣ್ಣದ ನೀರು, ಮುಂಗೋಪಿ.
ಸೇತುವೆಯ ನಟ್ಟನಡುವೆ ಹಸುಗಳು ಮಲಗಿದ್ದವು.
ನೊಣ ಬರುವುದಿಲ್ಲ ಅಲ್ಲಿ, ಗಾಳಿಯಿದೆ, ಎಂದರು ಲಮಾರಾ.
ಹಾರ್ನ್ ಹೊಡೆದರೆ ಅವು
ನಮ್ಮನ್ನು ಕ್ಷಮಿಸಿದಂತೆ ನೋಡಿದವು.

ಇಗರ್ಜಿ ಕಂಡಲ್ಲೆಲ್ಲ ನುಗ್ಜಾರ್ ಸ್ಟಿಯರಿಂಗ್ ಬಿಟ್ಟು
ಮೂರು ಸಲ ಶಿಲುಬೆ ಗುರುತು ಹಾಕಿಕೊಳ್ಳುವನು.
ಅಷ್ಟು ಹೊತ್ತು ವ್ಯಾನು ದೇವರ ಕೈಲಿ,
ಜೀವ ನನ್ನ ಮುಷ್ಟಿಯಲ್ಲಿ.
ಕೆಲವು ಇಗರ್ಜಿಗಳು ತಿರುವಿನಲ್ಲೇ ಇದ್ದವು.

ನಾನು ಬಂದದ್ದು ಬೆಟ್ಟ ನೋಡಲು, ಸುಳ್ಳೇಕೆ.
ಬೆಟ್ಟ ಇರಲಿಲ್ಲ. ಮಂಜಿತ್ತು.
ಅವನು ಮಂಜಿನ ಒಂದೊಂದು ಮೂಲೆಗೂ ಕೈ ಚಾಚಿ
ಹೆಸರು ಹೇಳುತ್ತಿದ್ದ, ಮದುವೆ ಮನೆಯಲ್ಲಿ
ನೆಂಟರನ್ನು ತೋರಿಸುವಂತೆ.
ನಾನೂ ಕೈ ಮುಗಿದೆ, ಬೆಳ್ಳಗೆ ಖಾಲಿಯಾದದ್ದಕ್ಕೆ.

ಒಂದು ಕಡೆ ಕಲ್ಲಿನ ಬುಗ್ಗೆ.
ಕಲ್ಲಿನಲ್ಲಿ ಕೊರೆದ ಹುಡುಗನ ಮುಖ, ಎರಡು ಇಸವಿ,
ನಡುವಿನ ಗೆರೆ ಚಿಕ್ಕದು.
ನುಗ್ಜಾರ್ ಬೊಗಸೆಯಲ್ಲಿ ಕುಡಿದ,
ಒದ್ದೆ ಬೆರಳಿಂದ ಆ ತುಟಿಗೂ ಸವರಿದ,
ಉಳಿದದ್ದು ರೇಡಿಯೇಟರಿಗೆ.
ಯಾರೆಂದು ನಾನು ಕೇಳಲಿಲ್ಲ.
ಅದನ್ನು ಕೈಸನ್ನೆಯಲ್ಲಿ ಕೇಳುವುದು ಹೇಗೆ?

ಮೆಸ್ತಿಯಾದಲ್ಲಿ ಮರಿಗಳೊಡನೆ ಲಮಾರಾ ಇಳಿದರು.
ಇಳಿಯುವ ಮುನ್ನ ಒಂದು ಪದ ಕಲಿಸಿದರು: ಗಾಮರ್ಜೋಬಾ.
ನಮಸ್ಕಾರ ಅನ್ನುವಲ್ಲಿ ಇವರು
'ಗೆಲುವಾಗಲಿ' ಅನ್ನುವರಂತೆ.
ಅಲ್ಲಿಂದ ಮುಂದೆ ರಸ್ತೆ ಎಂಬುದು ಬರೀ ಅಭಿಪ್ರಾಯ.
ಮೇಲೆ ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು.
ಯಾರೋ ಒಳಗೆ ಬರಬೇಕು ಅನ್ನುತ್ತಿದ್ದರು,
ಅಥವಾ ಹೊರಗೆ.

ಉಶ್ಗುಲಿ. ಕೆಸರು, ಗೋಪುರಗಳು, ಸಗಣಿಯ ಹೊಗೆ.
ಬಾಗಿಲಿಲ್ಲದ ಬಾಗಿಲಲ್ಲಿ ಕಂಬಳಿ ಸರಿಸಿ
ಮ್ಜೆವಿನಾರ್ ಚಿಕ್ಕಮ್ಮ ಹೊರಬಂದು
ಗಾಮರ್ಜೋಬಾ ಎಂದಳು ನನಗೆ,
ಏಳು ಗಂಟೆ ಸುಮ್ಮನೆ ಕೂತು ಬಂದವನಿಗೆ.

ಬಾಗಿಲು ನಾಲ್ಕು ಬೆರಳು ಅಗಲ ಹೆಚ್ಚಾಯಿತು.
ನುಗ್ಜಾರ್ ಬೈದ. ಅದಷ್ಟು ನನಗೆ ಪೂರ್ತಿ ಅರ್ಥವಾಯಿತು.
ಗರಗಸ ಬಂತು. ಒಂದು ತುದಿ ನನಗೆ ಕೊಟ್ಟರು.
ಕೊಯ್ದ ಪಟ್ಟಿಯನ್ನು ಅವಳು ಒಲೆಗೆ ಒಟ್ಟಿದಳು;
ನೀಲಿ ಬಣ್ಣ ಗುಳ್ಳೆಯೆದ್ದಿತು, ನಾರಿತು, ಉರಿಯಿತು.
ಅದರ ಮೇಲೆ ಬೆಂದ ಮಾಂಸದ ರೊಟ್ಟಿ
ಬೆರಳು ಸುಡುವಾಗಲೇ ತಿಂದೆವು.

ಕತ್ತಲಾಗುವ ಮುಂಚೆ ಚಿಕ್ಕಮ್ಮ ಎದ್ದಳು.
ಬಾಗಿಲು ಹಾಕಿದಳು. ತೆಗೆದಳು. ಹಾಕಿದಳು.
ಕಿವಿಗೊಟ್ಟು ಕೇಳಿದಳು ಆ ಸದ್ದು.
ಮತ್ತೆ ತೆಗೆದಾಗ
ಮಂಜು ಹರಿದು, ಶ್ಖಾರಾ
ಹೊಸ್ತಿಲಿಗೇ ಬಂದು ನಿಂತಿತ್ತು,
ತುದಿಯಿಂದ ಬುಡದವರೆಗೆ ಕೆಂಪಗೆ.
ನಾನು ಎದ್ದೆ, ತಟ್ಟೆ ಬಿತ್ತು.
ಅವಳು ಬೆಟ್ಟವನ್ನೊಮ್ಮೆ ನೋಡಿ,
ಚಳಿ, ಎಂದು ತೋಳು ಉಜ್ಜಿ ತೋರಿಸಿ,
ಬಾಗಿಲು ಹಾಕಿದಳು.