ಗೊಬ್ಬರದ ಜೊಳ್ಳು

ನಮ್ಮತ್ತೆ ಮಿತ್ಸುವಿಗೆ ಎಪ್ಪತ್ತೊಂದು.
ಮೊದಲೆಲ್ಲ ಜುಲೈ ಬಂತೆಂದರೆ
ಇಪ್ಪತ್ತು ಕಿಲೊ ಯೂರಿಯಾ ಬೆನ್ನಿಗೇರಿಸಿ
ಶೋನಾಯ್ ಬಯಲಿನ ಕೆಸರು ತುಳಿಯುತ್ತಿದ್ದಳು,
ಹೊಡೆ ಕಟ್ಟುವ ಪೈರಿಗೆ ಮೇಲುಗೊಬ್ಬರ.
ಎರಚಿದ್ದರಲ್ಲಿ ಬೇರಿಗೆ ಸಿಕ್ಕಿದ್ದೆಷ್ಟು,
ಬಿಸಿಲಿಗೆ ಹಾರಿದ್ದೆಷ್ಟು, ತೂಬಿನಲ್ಲಿ ಇಳಿದದ್ದೆಷ್ಟು,
ನಮ್ಮ ಮನೆಯಲ್ಲಿ ಲೆಕ್ಕ ಇಟ್ಟವರಿಲ್ಲ.
ಮೂಗಿಗೆ ಮಾತ್ರ ಗೊತ್ತಿತ್ತು:
ಘಾಟು ಬಂದರೆ
ದುಡ್ಡು ಹೋಯಿತು.

ಆಮೇಲೆ ಬಂತು ಈ ಕಾಳು.
ಸಾಸಿವೆಗಿಂತ ದಪ್ಪ, ಸಾಬಕ್ಕಿಗಿಂತ ಸಣ್ಣ,
ಮೇಲೊಂದು ತೆಳ್ಳನೆಯ ಅಂಗಿ.
ಚೀಲದ ಮೇಲೆ ಅಚ್ಚು: ನೂರು ದಿನ.
ನಾಟಿಯ ದಿನ ಒಮ್ಮೆ ಹಾಕಿ ಮರೆತುಬಿಡಿ.
ನೀರು ತಣ್ಣಗಿರುವ ತನಕ ಬಾಯಿ ಬಿಡದು;
ಮಣ್ಣು ಬೆಚ್ಚಗಾದಂತೆ, ಪೈರಿನ ಹಸಿವು ಏರಿದಂತೆ
ಒಳಗಿನದು ಕರಗಿ ಜಿನುಗುತ್ತದೆ,
ಕೈತುತ್ತಿನ ಹಾಗೆ,
ಒಂದು ನುಂಗಿದ ಮೇಲೆ ಇನ್ನೊಂದು.
ಆ ವರ್ಷ ಗದ್ದೆಯ ಹಸಿರು ಒಂದೇ ಸಮ.
ಗಾಳಿಗೆ ಮಲಗಿದ ಬುಡ ಒಂದಿಲ್ಲ.
ಎರಡು ಚೀಲ ಕಡಿಮೆ ಸಾಕಾಯಿತು.
ಅತ್ತೆ ಆ ವಯಸ್ಸಿನಲ್ಲಿ
ಮಧ್ಯಾಹ್ನದ ನಿದ್ದೆ ಕಲಿತಳು.

ಮೇ ತಿಂಗಳಲ್ಲಿ ಶಾಲೆಯವರೊಡನೆ ಕಡಲಿಗೆ ಹೋದ ಫುಕಿ
ಶೀಶೆಯೊಂದನ್ನು ತಂದಳು.
"ಅಜ್ಜಿ, ಇದು ಯಾವ ಮೀನಿನ ಮೊಟ್ಟೆ?"
ಅತ್ತೆ ಒಂದನ್ನು ಉಗುರಿನ ನಡುವೆ ಇಟ್ಟು ಒತ್ತಿದಳು.
ಒಳಗೆ ಏನೂ ಇಲ್ಲ.
ಇನ್ನೊಂದು. ಇಲ್ಲ.
ಗುರುತು ಸಿಕ್ಕಿತು, ಹೇಳಲಿಲ್ಲ.
ಚಹಾ ಆರಿತು.

ಹೋದ ವರ್ಷದ ಅಂಗಿಗಳೆಲ್ಲ
ಈ ವರ್ಷ ಗದ್ದೆ ಕಲಕುವಾಗ ಮೇಲೆದ್ದು
ತೂಬು, ಕಾಲುವೆ, ಮೊಗಾಮಿ ಹೊಳೆ
ಎಲ್ಲ ದಾಟಿ ಹೋಗಿವೆ.
ಗಾಳಿ ಬಂದಾಗ ತೂರಿಕೊಳ್ಳಲು
ಇದು ಭತ್ತದ ಜೊಳ್ಳಲ್ಲವಲ್ಲ.
"ಮೊದಲೂ ಹೋಗುತ್ತಿತ್ತು ಬಿಡಿ," ಎಂದೆ ನಾನು,
"ಕರಗಿ ಹೋಗುತ್ತಿತ್ತು, ಕಾಣುತ್ತಿರಲಿಲ್ಲ."
ಅತ್ತೆ ಉತ್ತರ ಕೊಡಲಿಲ್ಲ.
ಮರುದಿನ ಹಳೆಯ ಸೊಳ್ಳೆಪರದೆ ಕತ್ತರಿಸಿ
ತೂಬಿನ ಬಾಯಿಗೆ ಹೊಲಿದಳು;
ನೀರು ಅರ್ಧಕ್ಕರ್ಧ ಇಳಿಸಿ ಗದ್ದೆ ಕಲಕಿಸಿದಳು.
ಸಂಜೆಗೆ ಪರದೆಯಲ್ಲಿ ಒಂದು ಬೊಗಸೆ.
ತೂಗಲು ಹೋದರೆ
ತಕ್ಕಡಿಯ ಮುಳ್ಳು ಅಲುಗಲಿಲ್ಲ.

ನಿನ್ನೆ ಸಹಕಾರ ಸಂಘದ ಹುಡುಗ ಸೆರಿಜಾವಾ
ಹೊಸ ಚೀಲ ಹೊತ್ತು ಬಂದ.
ಇದರ ಅಂಗಿ ಮಣ್ಣಿನಲ್ಲೇ ಕೊಳೆಯುತ್ತದಂತೆ.
"ಎಷ್ಟು ದಿನಕ್ಕೆ?" ಅತ್ತೆ ಕೇಳಿದಳು.
ಅವನು ಚೀಲ ತಿರುಗಿಸಿದ,
ಮತ್ತೆ ತಿರುಗಿಸಿದ,
ಕನ್ನಡಕ ಹಾಕಿಕೊಂಡ.
ನೂರು ದಿನ ಎಂದು ಬರೆದಿತ್ತು,
ಅದು ಒಳಗಿನದರ ಲೆಕ್ಕ.