ಎರಡೂ ತಟ್ಟೆ ಮೇಲೆ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಇಪ್ಪತ್ತೆಂಟು ವರ್ಷ ತಕ್ಕಡಿ ಹಿಡಿದವನು ನಾನು.
ಅಂಕಿಗೆ ಹೆದರಿದವನಲ್ಲ.
ಆದರೂ ಲ್ಯಾಬಿನ ತಬಸ್ಸುಮ್ ಕಾಗದ ಕೊಟ್ಟಾಗ
ಕನ್ನಡಕ ಎರಡು ಸಲ ಒರೆಸಿಕೊಂಡೆ.

ಹೆಸರು ಅಕ್ಕಯ್ಯಮ್ಮ. ವಯಸ್ಸು ಐವತ್ತೊಂಬತ್ತು.
ಅರವತ್ತೆರಡು; ಮೂರು ಮುಚ್ಚಿಟ್ಟಿದ್ದಾಳೆ.
ಕ್ಯಾಲ್ಸಿಯಂ ಹನ್ನೊಂದು ಪಾಯಿಂಟ್ ಆರು.
ಪಿಟಿಎಚ್ ನೂರಾ ನಲವತ್ತೆಂಟು,
ಪಕ್ಕದಲ್ಲಿ ಇರುವೆಸಾಲಿನ ಅಕ್ಷರ:
ಹದಿನೈದರಿಂದ ಅರವತ್ತೈದು.

ರಕ್ತ ಐಸಿನ ಡಬ್ಬಿಯಲ್ಲಿ ಬೆಂಗಳೂರಿಗೆ ಹೊರಟ ದಿನ
"ನನಗೆ ಯಾವತ್ತೂ ಸಿಗದ ಕಿಟಕಿ ಸೀಟು ಅದಕ್ಕೆ" ಎಂದು ನಕ್ಕಿದ್ದಳು.

"ಕತ್ತಿನಲ್ಲಿ ನಾಲ್ಕು ಗ್ರಂಥಿ, ತಾತಾ, ಅಕ್ಕಿಕಾಳಿನಷ್ಟು.
ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರ್ತವೆ.
ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಕೂಗು ಹಾಕ್ತವೆ,
ಮೂಳೆ ಬಿಚ್ಚಿ ಕೊಡುತ್ತೆ.
ಏರಿತೋ, ಬಾಯಿ ಮುಚ್ಚಿಕೊಳ್ತವೆ.
ಒಂದು ಮೇಲಾದರೆ ಒಂದು ಕೆಳಗೆ."

ಒಂದು ಮೇಲಾದರೆ ಒಂದು ಕೆಳಗೆ.
ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಮತ್ತೆ ನೋಡಿದೆ.
ಎರಡೂ ಮೇಲೆ.

ಎರಡೂ ತಟ್ಟೆ ಮೇಲೇಳುವ ತಕ್ಕಡಿ
ಯಾವ ಸಂತೆಯಲ್ಲೂ ಇಲ್ಲ,
ಕೆಳಗೊಂದು ಬೆರಳಿಲ್ಲದೆ.

ಆ ಬೆರಳು ನನಗೆ ಗೊತ್ತು.
ಒಂದು ಯುಗಾದಿಯ ಹಿಂದಿನ ದಿನ
ಜಂಗಮಕೋಟೆ ಕಡೆಯವನೊಬ್ಬನ ಗೂಡಿನ ಅಡಿಗೆ ಕೊಟ್ಟಿದ್ದೆ,
ಅರ್ಧ ಕೇಜಿಯಷ್ಟು,
ರೀಲರು ಜೇಬಿಗಿಟ್ಟ ಐವತ್ತು ರೂಪಾಯಿಗೆ.
ಅದರಲ್ಲೇ ಇವಳಿಗೆ ಹಸಿರು ಬಳೆ.
ಆ ಮನುಷ್ಯ ಮುಳ್ಳನ್ನೇ ನೋಡುತ್ತಿದ್ದ,
ನನ್ನನ್ನು ನೋಡಲಿಲ್ಲ.

ನಾನೂ ಮುಳ್ಳನ್ನೇ ನೋಡಿದೆನೇನೋ ಇಷ್ಟು ವರ್ಷ.
ಸೊಂಟ ಸಿಡಿಯುತ್ತೆ ಎಂದಳು, ವಯಸ್ಸು ಎಂದೆ.
ಕಿಡ್ನಿಯಲ್ಲಿ ಕಲ್ಲು, ಒಂದಲ್ಲ ಎರಡು ಸಲ, ನೀರು ಕುಡಿ ಎಂದೆ.
ಒಲೆಯ ಮೇಲೆ ಹಾಲಿಟ್ಟು ಮರೆತಳು.
ಅದಕ್ಕಂತೂ ಬೈದೇ ಬೈದೆ.

ನಾಲ್ಕರಲ್ಲಿ ಒಂದು ಊದಿರಬಹುದು ಎಂದರು ಡಾಕ್ಟರು,
'ಸಾಕು' ಎಂಬ ಮಾತು ಅದಕ್ಕೆ ಕೇಳಿಸದು.
ಸ್ಕ್ಯಾನಿನಲ್ಲಿ ಸಿಕ್ಕರೆ ತೆಗೆಯುವುದು.
ಸಿಗದಿದ್ದರೆ? ಆಗ ನೋಡೋಣ ಎಂದರು,
ಮುಂದಿನವರನ್ನು ಕರೆದರು.

ಮನೆಯಲ್ಲಿ ಅವಳು ಹುರುಳಿ ಆರಿಸುತ್ತಿದ್ದಳು.
"ಏನಂತೆ?"
"ಜಾಸ್ತಿ ಬಂದಿದೆ."
"ಜಾಸ್ತಿ ಬಂದರೆ ಒಳ್ಳೇದಲ್ಲವಾ?"

ಹುಳು ಸಾಕಿದ ಮನೆಯ ಹೆಣ್ಣು,
ಜಾಸ್ತಿ ಎಂದರೆ ಅವಳಿಗೆ ಇನ್ನೇನು ಗೊತ್ತು.
ಪಕ್ಕ ಕೂತು, ಅವಳ ಕತ್ತಿಗೆ ಬೆರಳಿಟ್ಟೆ.
ಅಕ್ಕಿಕಾಳು ಸಿಗಲಿಲ್ಲ.
ನಾಡಿ ಸಿಕ್ಕಿತು, ತಾಳಿಯ ದಾರದ ಪಕ್ಕದಲ್ಲೇ,
ಯಾರ ತೂಕಕ್ಕೂ ನಿಲ್ಲದೆ ಆಡುತ್ತಿತ್ತು.

"ಕೈ ತೆಗಿ," ಎಂದಳು, "ಕಚಗುಳಿ."