ಕಾವು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಹಾಲಿನವನಿಗಿಂತ ಮೊದಲು ಮಷೀನು ಎದ್ದಿರುತ್ತದೆ.
ನನ್ನ ಪಾಲಿಗೆ ಬರುವುದು ಜೇಬು ಮಾತ್ರ.
ಕಾಲು ಒಬ್ಬರ ಮನೆಯಲ್ಲಿ, ಸೊಂಟ ಇನ್ನೊಬ್ಬರಲ್ಲಿ.
ಇಡೀ ಪ್ಯಾಂಟನ್ನು ನಾನು ಕಾಣುವುದು
ಮೋತಿ ಸರ್ಕಲ್ಲಿನಲ್ಲಿ, ಯಾರದೋ ಮೈಮೇಲೆ.

ಮೆಟ್ಟಿಲ ಕೆಳಗಿನ ಎರಡು ಮೊಳ ಜಾಗ ನನ್ನ ಕಾರ್ಖಾನೆ.
ತಲೆಯ ಮೇಲೊಂದು ಹಲಗೆ,
ಹಲಗೆಗೆ ಬಾಯಿ ಕೆಳಗೆ ಮಾಡಿ ಮೊಳೆ ಹೊಡೆದ ಮುಚ್ಚಳಗಳು.
ತಿರುವಿದರೆ ಬಾಟಲಿ ನೇತು ನಿಲ್ಲುತ್ತದೆ,
ಮರಳಿ ತಿರುವಿದರೆ ಕೈಗೆ.
ಒಂದರಲ್ಲಿ ತಾಮ್ರದ ರಿವೆಟ್ಟು, ಒಂದರಲ್ಲಿ ಗುಂಡಿ,
ಒಂದರಲ್ಲಿ ಮುರಿದ ಸೂಜಿ, ಮಗನ ಕಾಲಿಗೆ ಸಿಗದಿರಲೆಂದು.
ಒಂದು ಖಾಲಿ.
ಅದ್ಯಾಕೆ ಖಾಲಿ ಎಂದು ಅತ್ತೆ ಹುಲಿಗೆವ್ವ ದಿನಾ ಕೇಳುತ್ತಾಳೆ.
ಬರುವುದಕ್ಕೂ ಒಂದು ಜಾಗ ಬೇಕಲ್ಲ, ಇರಲಿ ಬಿಡು.

ಬಾಟಲಿಗೇನು ಬರ?
ಛತ್ರದ ಹಿಂದೆ ಹೋದರೆ ಸಾಕು,
ಎರಡು ಗುಟುಕು ಕುಡಿದು ಬಿಟ್ಟವು, ಮುಚ್ಚಳವನ್ನೇ ಬಿಚ್ಚದವು.
ಉಳಿದ ನೀರು ಕರಿಬೇವಿಗೆ.
ಕತ್ತು ಕೊಯ್ದರೆ ಎಣ್ಣೆಯ ಆಲಿಕೆ,
ಬುಡ ಕೊಯ್ದರೆ ಸೀಮೆಸುಣ್ಣದ ಬಟ್ಟಲು.

ಹೋದ ಬೇಸಿಗೆಯಲ್ಲಿ ಸುತ್ತಿಗೆಯ ಕಾವು ಸೀಳಿತು.
ಅಪ್ಪ ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಸುತ್ತಿಗೆ.
ಕುದುರೆ ಹೋದವು, ಅಪ್ಪ ಹೋದ,
ಅದು ಮಾತ್ರ ನನ್ನ ರಿವೆಟ್ಟುಗಳ ಮೇಲೆ ಕುಕ್ಕುತ್ತ ಉಳಿದಿತ್ತು.
ಹೊಸ ಕಾವಿಗೆ ಅರವತ್ತು ರೂಪಾಯಿ.
ಜೇಬಿಗೆ ಎರಡರಂತೆ ಲೆಕ್ಕ ಹಾಕಿ ಸುಮ್ಮನಾದೆ.

ಮಷೀನು ರಿಪೇರಿಯ ದಾದಾಪೀರ್ ಸೈಕಲ್ಲು ಒರಗಿಸಿ ನಕ್ಕ:
'ಅರ್ಧ ಲೀಟ್ರು ಬಾಟ್ಲಿ ತಾರಮ್ಮ. ಒಲೆ ಹಚ್ಚು.'
ಎರಡು ಬೆರಳಗಲ ಬಳೆಯಂತೆ ಕತ್ತರಿಸು,
ಸೀಳಿನ ಮೇಲೆ ತೊಡಿಸು,
ಉರಿಯಿಂದ ಗೇಣು ದೂರ ಹಿಡಿದು ತಿರುಗಿಸು.

ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು,
ಕಾಯಿಸಿದರೆ ಎಲ್ಲವೂ ಹಿಗ್ಗುತ್ತದೆ,
ಗೇಟಿನ ಹತ್ತಿರ ರೈಲು ಕಂಬಿಯ ನಡುವೆ ಸಂದು ಬಿಟ್ಟಿರುವುದು ಅದಕ್ಕೇ.
ಬರೆದು ನಾಲ್ಕು ಅಂಕ ಪಡೆದಿದ್ದೆ.
ಈ ಊರಲ್ಲಿ ಹಿಗ್ಗದ್ದು ಯಾವುದು?
ಬಾಗಿಲು ಹಿಗ್ಗಿ ಚೌಕಟ್ಟಿಗೆ ಸಿಕ್ಕುತ್ತದೆ,
ಮಧ್ಯಾಹ್ನ ಹಿಗ್ಗಿ ಸಂಜೆಯನ್ನು ನುಂಗುತ್ತದೆ,
ನೀರಿನ ಸರದಿಯಲ್ಲಿ ಒಂದು ಮಾತು ಹಿಗ್ಗಿ ಜಗಳ.

ಮೊದಲ ಬಳೆ ಕರಗಿ ಕಪ್ಪಾಗಿ ನಾತ ಹೊಡೆಯಿತು.
ಎರಡನೆಯದು ಜಾರಿತು.
ಮೂರನೆಯದು
ಚಳಿಗೆ ಮುದುರುವ ಮಗುವಿನ ಹಾಗೆ
ಬಿಸಿಗೆ ಮುದುರಿತು.
ಮರದ ಏರು ತಗ್ಗನ್ನೆಲ್ಲ ಮುಟ್ಟಿ ನೋಡಿ,
ಸೀಳಿನ ಎರಡೂ ತುಟಿಗಳನ್ನು ಒಂದು ಮಾಡಿ ಕೂತಿತು.
ಕೈಗೆ ಹಿಡಿಯುವುದಕ್ಕೂ ಕಾವು ಎನ್ನುತ್ತೇವೆ,
ಕೈ ಸುಡುವುದಕ್ಕೂ ಕಾವು.
ಆ ದಿನದವರೆಗೆ ಅವೆರಡೂ ನನಗೆ ಬೇರೆ ಬೇರೆ ಮಾತಾಗಿದ್ದವು.

ಆಮೇಲೆ ಹುಚ್ಚೇ ಹಿಡಿಯಿತು.
ಮಗನ ಪೆನ್ಸಿಲ್ ಕೆತ್ತುವುದರ ಬ್ಲೇಡು, ಎರಡು ವಾಷರು;
ಒಂದು ಬಾಟಲಿ ಸುತ್ತಿ ಸುತ್ತಿ ದಾರವಾಗಿ ಹದಿಮೂರು ಮೊಳ ಇಳಿಯಿತು.
ಅದರಿಂದ ಅತ್ತೆಯ ಮಂಚದ ಹರಿದ ನವಾರು ಬಿಗಿದೆ.
'ಕಚ್ತೈತೆ ಕಣೆ ನಿನ್ನ ಬಾಟ್ಲಿ' ಎಂದು ಬೈದಳು,
ಬೈಯುತ್ತಲೇ ನಿದ್ದೆ ಹೋದಳು.

ಬಾಗಿಲ ಹಿಂದಿನ ಗೋಣಿಯಲ್ಲಿ ಇನ್ನೂ ಇಪ್ಪತ್ತಾರು ಕಾದಿವೆ.
ಎಲ್ಲಕ್ಕೂ ನನ್ನಲ್ಲಿ ಕೆಲಸವಿಲ್ಲ, ಗೊತ್ತು.
ಕಾಲುವೆಯಲ್ಲಿ ಸಾಲುಗಟ್ಟಿ ತೇಲಿ ಹೋಗುವವನ್ನು ನೋಡಿದಾಗ
ಅಷ್ಟು ಸೀಳಿದ ಸುತ್ತಿಗೆ ಊರಲ್ಲಿ ಎಲ್ಲಿ ತರಲಿ ಅನಿಸುತ್ತದೆ.

ಕರೆಂಟು ಹೋಗಿದೆ. ತಗಡು ಚಿಟಿಚಿಟಿ ಎನ್ನುತ್ತಿದೆ.
ಬೆವರಿದ ಅಂಗೈಯಲ್ಲಿ ಸುತ್ತಿಗೆ.
ಆ ಬಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಚ್ಚಾಗಿದ್ದ ತಾರೀಖು
ಕುಗ್ಗಿ ಎಳ್ಳಿನಷ್ಟಾಗಿದೆ:
ಇಷ್ಟರೊಳಗೆ ಬಳಸಿ ಎಂದು.
ಅದು ದಾಟಿ ಎಷ್ಟೋ ತಿಂಗಳಾಯಿತು.
ಜೇಬಿನ ಮೂಲೆಗೆ ರಿವೆಟ್ಟು ಇಟ್ಟು
ಟಕ್ ಎಂದು ಒಂದು.
ಕೂತಿತು.